ಜ್ವರ ಬಂದ ಜಾವಾದವನು

ಕೆಲವು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಆ ಮನೆಯ ಸೊಸೆ ದೇವರ ಕೋಣೆಯಿಂದ ಒಂದು ಪುಟ್ಟ ಮರದ ಮೂರ್ತಿಯನ್ನು ತಟ್ಟೆಯಲ್ಲಿಟ್ಟು ತಂದರು. "ಇದು ನಮ್ಮ ಮಾವನವರು ಜಾವಾದಿಂದ ತಂದ ಗರುಡ, ನೋಡ್ರಿ. ನೀವು ಇತಿಹಾಸ ಓದಿದವರು. ಎಷ್ಟು ಹಳೇದು ಇರಬಹುದು, ಹೇಳ್ರಿ" ಎಂದರು. ಮೂರ್ತಿ ನಾಲ್ಕು ಬೆರಳಿಗಿಂತ ಹೆಚ್ಚು ಎತ್ತರವಿರಲಿಲ್ಲ. ಕುಳಿತ ಭಂಗಿ, ಮುಂದಕ್ಕೆ ಬಾಗಿದ ಮೈ, ಒಂದು ಬದಿಗೆ ವಾಲಿದ ತಲೆ, ಕೊಕ್ಕಿನಂತೆ ಚಾಚಿಕೊಂಡ ಮೂಗು, ಎದೆಗೆ ಒತ್ತಿ ಹಿಡಿದ ಕೈಗಳು. ನೆತ್ತಿಯಲ್ಲಿ ಕುಂಕುಮ ಮೆತ್ತಿಕೊಂಡಿತ್ತು.

ವಿದ್ಯೆ ಮನುಷ್ಯನನ್ನು ದಾರಿ ತಪ್ಪಿಸುವುದು ಇಂಥ ಗಳಿಗೆಗಳಲ್ಲಿಯೇ. ಜಾವಾ ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ಪೂರ್ವ ಜಾವಾದ ಐರ್ಲಂಗ ರಾಜನ ನೆನಪಾಯಿತು. ಬೆಲಹನ್ ಎಂಬಲ್ಲಿ ದೊರೆತ, ಗರುಡನ ಮೇಲೆ ಕುಳಿತ ವಿಷ್ಣುವಿನ ಪ್ರಸಿದ್ಧ ಶಿಲ್ಪವನ್ನು ಆ ರಾಜನ ರೂಪವೆಂದೇ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಇಷ್ಟು ಸಾಕಾಯಿತು. ಮನೆಮಂದಿಗೆಲ್ಲ ಅರ್ಧ ಗಂಟೆಯ ವ್ಯಾಖ್ಯಾನ ಮಾಡಿದೆ. ಅವರ ಕೋರಿಕೆಯ ಮೇರೆಗೆ ಒಂದು ಚೀಟಿಯಲ್ಲಿ ನನ್ನ ಕೈಯಾರೆ "ಗರುಡ, ಬಾಲಿ ದ್ವೀಪ, ಸುಮಾರು 15ನೆಯ ಶತಮಾನ" ಎಂದು ಬರೆದೂ ಕೊಟ್ಟೆ. ಮುಂದೆ ತಿಳಿಯಿತು, ಆ ಚೀಟಿಗೆ ಅವರು ಗಾಜು ಹಾಕಿಸಿ ಮೂರ್ತಿಯ ಪಕ್ಕದಲ್ಲಿಯೇ ಇರಿಸಿದ್ದರಂತೆ.

ಅದು ಗರುಡನಲ್ಲ, ಬಾಲಿಯದ್ದೂ ಅಲ್ಲ, ಅಸಲಿಗೆ ಮೂರ್ತಿಯೇ ಅಲ್ಲ ಎಂಬುದು ನನಗೆ ಗೊತ್ತಾದದ್ದು ಎರಡು ವರ್ಷಗಳ ಮೇಲೆ, ಮಲಯ ಆಯುಧಗಳನ್ನು ಕುರಿತ ಒಂದು ಹಳೆಯ ಇಂಗ್ಲಿಷ್ ಪುಸ್ತಕವನ್ನು ತಿರುವುತ್ತಿದ್ದಾಗ. ಅದೇ ಬಾಗಿದ ಮೈ, ಅದೇ ವಾಲಿದ ತಲೆ ಒಂದು ಚಿತ್ರದಲ್ಲಿದ್ದವು. ಆದರೆ ಅದರ ಕೆಳಗೆ ಪೀಠವಿರಲಿಲ್ಲ, ಒಂದು ಅಲಗು ಇತ್ತು. ನಾನು ಗರುಡನೆಂದು ಪ್ರಮಾಣಪತ್ರ ಕೊಟ್ಟದ್ದು ಒಂದು ಕಠಾರಿಯ ಹಿಡಿಗೆ.

ಆ ಕಠಾರಿಯ ಹೆಸರು ಕೆರಿಸ್. ಪಾಶ್ಚಾತ್ಯರು ಕ್ರಿಸ್ ಎಂದು ಬರೆದರು. ಜಾವಾ, ಬಾಲಿ, ಮದುರಾ, ಸುಮಾತ್ರಾ, ಸುಲಾವೆಸಿ, ಮಲಯ ಪರ್ಯಾಯದ್ವೀಪ, ಇಷ್ಟೂ ಕಡೆ ಹರಡಿದ ಆಯುಧ. ಇದರ ಅಲಗು ಬುಡದಲ್ಲಿ ಒಂದು ಕಡೆಗೆ ಅಗಲವಾಗಿ ಚಾಚಿಕೊಂಡಿರುತ್ತದೆ. ಕೆಲವು ಅಲಗುಗಳು ನೆಟ್ಟಗೆ. ಕೆಲವು ಹಾವಿನಂತೆ ಬಳುಕುತ್ತವೆ. ಬಳುಕುಗಳ ಎಣಿಕೆ ಯಾವಾಗಲೂ ಬೆಸ ಸಂಖ್ಯೆಯೇ. ಕಬ್ಬಿಣದ ಪದರಗಳ ನಡುವೆ ನಿಕಲ್ ಬೆರೆತ ಲೋಹವನ್ನು ಮಡಿಸಿ ಬಡಿದು, ಬಳಿಕ ನಿಂಬೆಯ ರಸ ಮತ್ತು ಪಾಷಾಣದಿಂದ ತೊಳೆದಾಗ ಕಪ್ಪು ನೆಲದ ಮೇಲೆ ಬೆಳ್ಳಿಯ ಬಣ್ಣದ ಗೆರೆಗಳು ಮೂಡುತ್ತವೆ. ಇದಕ್ಕೆ ಪಾಮೊರ್ ಎನ್ನುತ್ತಾರೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರಂಬಾನನ್ ದೇವಾಲಯಗಳ ಬಳಿಯಿಂದ ಸುರಕರ್ತದ ಅರಮನೆಗೆ ಸಾಗಿಸಿದ ಉಲ್ಕೆಯ ಲೋಹವನ್ನೂ ಇದಕ್ಕೆ ಬಳಸಿದ್ದುಂಟು. ಮಧ್ಯ ಜಾವಾದ ಲಾವು ಪರ್ವತದ ಮೇಲಿರುವ 15ನೆಯ ಶತಮಾನದ ಸುಕುಹ್ ದೇವಾಲಯದಲ್ಲಿ ಕಮ್ಮಾರಸಾಲೆಯ ಉಬ್ಬುಶಿಲ್ಪವೊಂದಿದೆ: ಭೀಮನು ಅಲಗು ಬಡಿಯುತ್ತಾನೆ, ಇನ್ನೊಂದು ಬದಿಯಲ್ಲಿ ಅರ್ಜುನನು ತಿದಿ ಒತ್ತುತ್ತಾನೆ, ನಡುವೆ ಗಣಪತಿ ಕುಣಿಯುತ್ತಾನೆ. ಮಹಾಭಾರತ ಓದಿದವರು ಮತ್ತೊಮ್ಮೆ ನೋಡಬೇಕಾದ ಚಿತ್ರ.

ಆದರೆ ನನ್ನ ವಿಷಯ ಅಲಗಲ್ಲ, ಹಿಡಿ. ನಮ್ಮ ಕತ್ತಿಗಳಲ್ಲಿ ಹಿಡಿಯನ್ನು ಅರಗು ತುಂಬಿಯೋ ಮೊಳೆ ಬಡಿದೋ ಅಲಗಿಗೆ ಕಾಯಂ ಮಾಡುತ್ತಾರೆ. ಕೆರಿಸ್ ಹಾಗಲ್ಲ. ಅಲಗಿನ ಬುಡದಿಂದ ಒಂದು ತೆಳು ದುಂಡನೆಯ ಬಾಲ ಹೊರಟಿರುತ್ತದೆ. ಅದಕ್ಕೆ ಬಟ್ಟೆಯ ಚೂರನ್ನೋ ಕೂದಲನ್ನೋ ಸುತ್ತಿ, ಹಿಡಿಯ ತೂತಿನೊಳಗೆ ತಿರುಚಿ ಕೂಡಿಸುತ್ತಾರೆ. ಬೇಕೆಂದಾಗ ತಿರುಚಿ ತೆಗೆಯಬಹುದು. ಆದುದರಿಂದ ಅಲಗಿನ ಚರಿತ್ರೆ ಬೇರೆ, ಹಿಡಿಯ ಚರಿತ್ರೆ ಬೇರೆ. ಅಲಗನ್ನು ಮಾಡುವವನು ಎಂಪು. ಅವನಿಗೆ ಋಷಿಗೆ ಸಲ್ಲುವಂಥ ಗೌರವ. ಒರೆಯನ್ನು ಮಾಡುವವನು ಬೇರೊಬ್ಬ. ಹಿಡಿಯನ್ನು ಕೆತ್ತುವುದೂ ಪ್ರತ್ಯೇಕ ಕಸಬು. ಅಜ್ಜನಿಂದ ಬಂದ ಅಲಗಿಗೆ ಮೊಮ್ಮಗ ತನ್ನ ಅಂತಸ್ತಿಗೂ ಕಾಲಕ್ಕೂ ತಕ್ಕ ಹೊಸ ಹಿಡಿ ಹಾಕಿಸುತ್ತಾನೆ. ಹಳೆಯದು ಪೆಟ್ಟಿಗೆ ಸೇರುತ್ತದೆ, ಇಲ್ಲವೆ ಮಾರಾಟವಾಗುತ್ತದೆ. ಅಲಗೇ ದೇಹ, ಹಿಡಿ ಅದರ ಉಡುಪು. ಲೋಕದ ವಸ್ತುಸಂಗ್ರಹಾಲಯಗಳಲ್ಲಿಯೂ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಅಲಗಿಲ್ಲದ ಒಂಟಿ ಹಿಡಿಗಳು ಇಷ್ಟೊಂದು ಕಾಣುವುದಕ್ಕೆ ಇದೇ ಕಾರಣ.

ಹಿಡಿಯನ್ನು ನೋಡಿ ಊರು ಹೇಳುವುದು ಕೆಲಮಟ್ಟಿಗೆ ಸಾಧ್ಯ. ಮಧ್ಯ ಜಾವಾದ ಅರಮನೆಗಳ ಹಿಡಿಯಲ್ಲಿ ಆಕೃತಿಯೇ ಇಲ್ಲವೆನ್ನಬಹುದು: ಸಪಾಟಾದ ಮೈ, ತುಸು ಬಾಗು, ಒಳಬಾಗಿನಲ್ಲಿ ಎರಡು ಕಡೆ ಮಾತ್ರ ಅಂಗುಲದೊಳಗಿನ ಕುಸುರಿ. ಆ ಕುಸುರಿಯನ್ನು ದಿಟ್ಟಿಸಿದರೆ ಮುಖವೊಂದು ಅಡಗಿ ಕುಳಿತಂತೆ ತೋರುತ್ತದೆ. ಜಾವಾದವರು ಇದನ್ನು ನುಂಗಕ್ ಸೆಮಿ ಎನ್ನುತ್ತಾರೆ, ಎಂದರೆ ಚಿಗುರೊಡೆದ ಮರದ ಬೊಡ್ಡೆ. ಕಡಿದ ಮರ ಮತ್ತೆ ಚಿಗುರುವ ಈ ಹೆಸರು ಒಂದು ರಾಜಮನೆತನದ ಕೈಯಲ್ಲಿರುವ ವಸ್ತುವಿಗೆ ಎಷ್ಟು ಒಪ್ಪುತ್ತದೆ! 1755ರಲ್ಲಿ ಮತರಾಂ ರಾಜ್ಯ ಒಡೆದು ಸುರಕರ್ತ, ಯೋಗ್ಯಕರ್ತ ಎಂದು ಎರಡಾದಾಗ ಹಿಡಿಯೂ ಎರಡಾಯಿತು. ಯೋಗ್ಯಕರ್ತದ್ದು ತುಸು ಕಿರಿದು, ಸುರಕರ್ತದ್ದು ತುಸು ದೊಡ್ಡದು. ಇದಕ್ಕೆ ಮೆಚ್ಚಿನ ಮರ ಕೆಮುನಿಂಗ್, ನಮ್ಮ ಕರಿಬೇವಿನ ಬಂಧುವಾದ, ಬಿಳಿಯ ಹೂ ಬಿಡುವ ಗಿಡ. ಬಾಲಿಯ ಹಿಡಿಗಳು ಗಾತ್ರದಲ್ಲಿ ದೊಡ್ಡವು. ರಾಜರದ್ದಾದರೆ ಚಿನ್ನ, ಕೆಂಪು ಹರಳು. ಅಲ್ಲಿ ವಾಯುದೇವನು ಅಮೃತದ ಪುಟ್ಟ ಕಲಶ ಹಿಡಿದು ಕುಳಿತಿರುತ್ತಾನೆ, ರಾಕ್ಷಸನು ಕೋರೆಹಲ್ಲು ತೋರುತ್ತಾನೆ. ಮದುರಾದವರು ದಂತದಲ್ಲಿ ಹೂಬಳ್ಳಿ ಕೆತ್ತಿದರು. ಯುರೋಪಿನವರ ಸಂಪರ್ಕವಾದ ಮೇಲೆ ಬಳ್ಳಿಯ ನಡುವೆ ಕಿರೀಟವೂ ರೆಕ್ಕೆಯ ಕುದುರೆಯೂ ಬಂದು ಸೇರಿಕೊಂಡವು. ಸುಲಾವೆಸಿಯ ಬುಗಿಸ್ ಜನರ ಹಿಡಿ ಹೆಚ್ಚುಕಡಿಮೆ ಕಾಟಕೋನಕ್ಕೆ ಮುರಿದುಕೊಂಡಿರುತ್ತದೆ. ಆದರೆ ಬುಗಿಸರು ನಾವಿಕರು. 18ನೆಯ ಶತಮಾನದಲ್ಲಿ ಮಲಯದ ಸೆಲಾಂಗೋರಿನಲ್ಲಿ ರಾಜ್ಯವನ್ನೇ ಕಟ್ಟಿದವರು. ಅವರ ಹಿಡಿ ಎಲ್ಲಿ ಸಿಕ್ಕಿತೋ ಅದೇ ಅದರ ಊರು ಎಂದರೆ ನಗೆಪಾಟಲಾದೀತು.

ನನ್ನ ಗರುಡನ ಜಾತಿಗೆ ಮಲಯ ಭಾಷೆಯಲ್ಲಿರುವ ಹೆಸರು ಜಾವಾ ದೆಮಾಮ್. ದೆಮಾಮ್ ಎಂದರೆ ಜ್ವರ. ಮೈ ಮುದುರಿ, ಕೈಗಳನ್ನು ಎದೆಗೆ ಒತ್ತಿಕೊಂಡು ಚಳಿಜ್ವರದಿಂದ ನಡುಗುತ್ತ ಕುಳಿತ ಜಾವಾದವನು! ಸುಮಾತ್ರಾದ ಪಾಲೆಂಬಾಂಗ್, ಲಂಪುಂಗ್ ಪ್ರದೇಶಗಳಿಂದ ಮಲಯ ಕರಾವಳಿಯವರೆಗೆ ಈ ರೂಪ ಬಳಕೆಯಲ್ಲಿತ್ತು. ಹೆಸರಿಟ್ಟವರು ಮಲಯರು, ಹೆಸರಿನಲ್ಲಿರುವವನು ಜಾವಾದವನು. ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡಿದ ಸದ್ದು ಇಲ್ಲಿ ಕೇಳುತ್ತದೆ. ಜಾವಾದ ಉತ್ತರ ಕರಾವಳಿಯ ರಾಕ್ಷಸಾಕೃತಿಯ ಹಿಡಿಗಳು ಸಮುದ್ರ ದಾಟಿ ಹೋಗಿ, ಕೆತ್ತುವವರ ಕೈಯಿಂದ ಕೈಗೆ ಕಣ್ಣು ಬಾಯಿಗಳನ್ನು ಕಳೆದುಕೊಳ್ಳುತ್ತ ಈ ರೂಪಕ್ಕೆ ಬಂದಿರಬೇಕೆಂದು ಹಲವರು ತರ್ಕಿಸುತ್ತಾರೆ. ಪಾಲೆಂಬಾಂಗಿನ ಅರಸುಮನೆತನದ ಮೂಲ ಜಾವಾದ ದೆಮಾಕ್ ರಾಜ್ಯದಲ್ಲಿದ್ದುದನ್ನು ನೆನೆದರೆ ಈ ತರ್ಕ ಒಪ್ಪತಕ್ಕದ್ದೇ ಎಂದು ನನಗೆ ತೋರುತ್ತದೆ.

ಇದನ್ನು ಗರುಡನೆಂದು ಮೊದಲು ಕರೆದವನು ನಾನೇ ಅಲ್ಲವೆಂಬುದು ನನಗೊಂದು ಸಮಾಧಾನ. ಹಿಂದಿನ ಪಾಶ್ಚಾತ್ಯ ಲೇಖಕರಲ್ಲಿ ಕೆಲವರಿಗೆ ಕೊಕ್ಕಿನಂಥ ಮೂಗು ಕಂಡಲ್ಲೆಲ್ಲ ಗರುಡನೇ ಕಂಡಿದ್ದಾನೆ. ಮಲಯದ ಈಶಾನ್ಯ ಭಾಗದಲ್ಲಿ, ಪಟ್ಟಾಣಿ ಕೆಲಾಂತಾನ್ ಕಡೆಯಲ್ಲಿ, ಉದ್ದ ಮೂಗಿನ ಇನ್ನೊಂದು ಹಿಡಿಯಿದೆ. ಅದರ ಹೆಸರು ತಾಜೊಂಗ್. ಇಂಗ್ಲಿಷರು ಅದಕ್ಕೆ ಮಿಂಚುಳ್ಳಿ ಹಕ್ಕಿಯ ಹಿಡಿ ಎಂದು ಹೆಸರಿಟ್ಟರು. ಹತ್ತಿರದಿಂದ ನೋಡಿದರೆ ಹಕ್ಕಿಗಿಲ್ಲದ ಹಲ್ಲುಗಳು ಅದಕ್ಕಿವೆ. ತೊಗಲುಬೊಂಬೆಯ ರಾಕ್ಷಸನಿಗೆ ಹತ್ತಿರದ ಮುಖ ಅದು. ಅಲಗು ಹಿಡಿಗಳೆರಡೂ ಒಂದೇ ಕಬ್ಬಿಣದ ತುಂಡಿನಿಂದಾದ, ಗೇಣುದ್ದದ ಪುಟ್ಟ ಕೆರಿಸ್‌ಗಳೂ ಉಂಟು. ಹಿಡಿಯಲ್ಲಿ ಬಾಗಿ ನಿಂತ ಮನುಷ್ಯನ ಆಕೃತಿ. ಮಜಾಪಹಿತ್ ಸಾಮ್ರಾಜ್ಯದ ಕಾಲದ್ದೆಂದು ಬಗೆದು ಯುರೋಪಿಯನ್ನರು ಇವನ್ನು ಮಜಾಪಹಿತ್ ಕೆರಿಸ್ ಎಂದರು. ಜಾವಾದವರು ಅವನ್ನು ಕರೆಯುವುದು ಕೆರಿಸ್ ಸಜೆನ್ ಎಂದು. ಸಜೆನ್ ಎಂದರೆ ನೈವೇದ್ಯ. ಊರ ಶಾಂತಿಗೂ ಬೆಳೆಯ ರಕ್ಷಣೆಗೂ ಅರ್ಪಿಸುವ ವಸ್ತು. ಹೆಸರಿಡುವ ಆತುರ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ.

ಮುಖವುಳ್ಳ ಹಿಡಿಗಳು ಹಿಂದೂ ಕಾಲದವು, ಮುಖವಿಲ್ಲದವು ಇಸ್ಲಾಂ ಬಂದ ಮೇಲಿನವು ಎಂಬ ವಿವರಣೆಯೊಂದು ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿದೆ. ಅರ್ಧದಷ್ಟು ನಿಜವಿರಬಹುದು. 15ನೆಯ ಶತಮಾನದಲ್ಲಿ ಝೆಂಗ್ ಹೆ ಎಂಬ ಚೀನೀ ನೌಕಾಧಿಪತಿಯ ಸಂಗಡ ಜಾವಾಕ್ಕೆ ಬಂದ ಮಾ ಹುವಾನ್, ಅಲ್ಲಿಯ ಗಂಡಸರೆಲ್ಲ, ಮೂರು ವರ್ಷದ ಹುಡುಗರೂ ಸಹ, ಕಠಾರಿ ಸಿಕ್ಕಿಸಿಕೊಂಡಿರುತ್ತಾರೆಂದೂ ಹಿಡಿಗಳನ್ನು ಚಿನ್ನ, ಖಡ್ಗಮೃಗದ ಕೊಂಬು, ಆನೆಯ ದಂತಗಳಿಂದ ಮಾಡಿ ಅದರಲ್ಲಿ ಮನುಷ್ಯರ ಹಾಗೂ ದೆವ್ವಗಳ ಮುಖಗಳನ್ನು ಕೆತ್ತುತ್ತಾರೆಂದೂ ಬರೆದಿದ್ದಾನೆ. ಹಾಗಾದರೆ ಮುಖಗಳು ಮೊದಲಿದ್ದುದು ಖಂಡಿತ. ಆದರೆ ಮುಸಲ್ಮಾನ ಸುಲ್ತಾನರಾಳಿದ ಚಿರೆಬೊನ್‌ನಲ್ಲಿ, ಅದರ ನೆರೆಯ ತೆಗಾಲ್‌ನಲ್ಲಿ ರಾಕ್ಷಸ ಮುಖದ ಹಿಡಿಗಳು ಬಹುಕಾಲ ನಡೆದು ಬಂದವು. ಹಿಂದೂಗಳಾಗಿಯೇ ಉಳಿದ ಬಾಲಿಯವರು ಆಕೃತಿಯೇ ಇಲ್ಲದ ಹಿಡಿಗಳನ್ನೂ ಪ್ರೀತಿಯಿಂದ ಬಳಸಿದರು. ಮತವೊಂದರಿಂದಲೇ ಎಲ್ಲವನ್ನೂ ವಿವರಿಸುವವರು ಈ ಎರಡು ಊರುಗಳ ಕಡೆ ಕಣ್ಣು ಹಾಯಿಸುವುದಿಲ್ಲ.

ಇನ್ನು ಈ ಆಕೃತಿಗಳ ಪ್ರಯೋಜನವೇನು? ಕೈಗೆ ಹಿಡಿತ ಕೊಡುವುದು ಮೊದಲನೆಯದು. ಕೆರಿಸ್ ಕಡಿಯುವ ಆಯುಧವಲ್ಲ, ತಿವಿಯುವ ಆಯುಧ. ಹೆಬ್ಬೆರಳು ತೋರುಬೆರಳುಗಳು ಅಲಗಿನ ಅಗಲವಾದ ಬುಡವನ್ನು ಚಿವುಟಿ ಹಿಡಿಯುತ್ತವೆ. ಮುಂದಕ್ಕೆ ಬಾಗಿದ ಹಿಡಿ ಅಂಗೈಯೊಳಗೆ ಕೂರುತ್ತದೆ. ಆ ಮೂರ್ತಿ ಅಷ್ಟು ಮುಂದಕ್ಕೆ ಬಾಗಿ ಕುಳಿತಿರುವುದು ಭಕ್ತಿಯಿಂದಲ್ಲ, ಜ್ವರದಿಂದಲೂ ಅಲ್ಲ, ಹಿಡಿಯುವವನ ಅಂಗೈಗಾಗಿ! ಆದರೆ ಇಷ್ಟೇ ಆಗಿದ್ದರೆ ಒಂದು ಬಾಗಿದ ಕೋಲು ಸಾಕಾಗುತ್ತಿತ್ತು. ಕೆರಿಸ್ ಧರಿಸುವುದು ಯುದ್ಧಕ್ಕಿಂತ ಹೆಚ್ಚಾಗಿ ಮದುವೆಗೆ, ದರ್ಬಾರಿಗೆ, ಹಬ್ಬಕ್ಕೆ. ಕೊಡವರ ಪೀಚೆಕತ್ತಿಯನ್ನು ನೆನೆದರೆ ನಮಗೆ ಇದು ಅರ್ಥವಾಗುತ್ತದೆ. ಜಾವಾದಲ್ಲಿ ಅದನ್ನು ಬೆನ್ನ ಹಿಂದೆ ನಡುಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಹಾಗೆ ಧರಿಸಿದಾಗ ಅಲಗು ಒರೆಯಲ್ಲಿ ಅಡಗಿರುತ್ತದೆ. ಹೊರಗೆ ಕಾಣುವುದು ಹಿಡಿ. ಧರಿಸಿದವನ ಊರು, ಅಂತಸ್ತು ಅದರಿಂದ ತಿಳಿಯುತ್ತವೆ. ಅಷ್ಟೇ ಅಲ್ಲದೆ, ಮಂಡಿ ಮಡಿಸಿ ಕುಳಿತ ಈ ಭಂಗಿ ಆ ದ್ವೀಪಗಳ ಪಿತೃಪ್ರತಿಮೆಗಳಲ್ಲಿ ಎಲ್ಲೆಲ್ಲಿಯೂ ಕಾಣುತ್ತದೆ. ಒಡೆಯನ ಬೆನ್ನು ಕಾಯುವ ಹಿರಿಯ, ಕೇಡನ್ನು ಹೆದರಿಸಿ ಓಡಿಸುವ ಕಾವಲುಗಾರ: ಹಿಡಿಯ ಆಕೃತಿಗೆ ಈ ಅರ್ಥವಿತ್ತೆಂಬ ವಾದವನ್ನು ನಾನು ಒಪ್ಪುತ್ತೇನೆ. ಕಾವಲುಗಾರನು ನಮ್ಮ ಪುರಾಣದ ಯಾವನೋ ಒಬ್ಬನಾಗಿರಲೇಬೇಕೆಂಬ ಹಟವನ್ನು ಮಾತ್ರ ಬಿಡಬೇಕು.

ಇಷ್ಟನ್ನು ಓದಿಕೊಂಡು ಮತ್ತೆ ಬೆಳಗಾವಿಗೆ ಹೋದೆ. ಈ ಸಲ ಮುಖವನ್ನು ನೋಡಲಿಲ್ಲ. ಮೂರ್ತಿಯನ್ನು ತಲೆಕೆಳಗು ಮಾಡಿದೆ. ಮೊದಲೇ ಮಾಡಬೇಕಿದ್ದ ಕೆಲಸ. ಬುಡದಲ್ಲಿ ಪೆನ್ಸಿಲು ಹೋಗುವಷ್ಟು ದುಂಡನೆಯ ತೂತು. ಕಡ್ಡಿಯಿಂದ ಮೆಲ್ಲನೆ ಕೆದಕಿದರೆ ಕೆಂಪು ತುಕ್ಕಿನ ಪುಡಿ ಉದುರಿತು, ಅದರೊಂದಿಗೆ ತಿರುಚಿದ ನೂಲಿನ ಒಂದೆರಡು ಎಳೆ. ಎಂದರೆ ಒಂದು ಕಾಲದಲ್ಲಿ ಇದಕ್ಕೆ ನಿಜವಾದ ಅಲಗಿತ್ತು. ಪ್ರವಾಸಿಗರಿಗೆ ಮಾರಲು ಕೆತ್ತಿದ್ದಲ್ಲ. ಹಳೆಯದೆಂದು ನಂಬಿಸಲು ಎಣ್ಣೆಯಲ್ಲಿ ಕಪ್ಪಾಗಿಸಿದ ಹಿಡಿಗಳ ತೂತು ಹೊಸ ಮರದಂತೆ ಬೆಳ್ಳಗಿರುತ್ತದೆ. ಬುಡದ ಸುತ್ತ ಅಗಲವಾದ ಒಂದು ಪಟ್ಟಿಯಷ್ಟು ಮರದ ಬಣ್ಣ ತಿಳಿಯಾಗಿತ್ತು. ಅಲ್ಲೊಂದು ಲೋಹದ ಬಟ್ಟಲು ಕುಳಿತಿದ್ದಿರಬೇಕು. ಜಾವಾದ ಹಿಡಿಗಳ ಕೆಳಗೆ ಕೂಡಿಸುವುದು ಸಣ್ಣ ಉಂಗುರವನ್ನು; ಹಿಡಿಯ ಬುಡವನ್ನೇ ನುಂಗುವಂಥ ಅಗಲ ಬಟ್ಟಲು ಮಲಯ, ಸುಮಾತ್ರಾಗಳ ವಾಡಿಕೆ. ಮೂರ್ತಿಯ ಬೆನ್ನು, ಹೆಗಲುಗಳ ಗೆರೆಗಳು ಕೈ ಸವೆದು ನುಣುಪಾಗಿದ್ದವು, ತಗ್ಗುಗಳಲ್ಲಿ ಉಳಿ ಹೋದ ಗುರುತು ಇನ್ನೂ ಇತ್ತು. 15ನೆಯ ಶತಮಾನದ ಮಾತು ಬಿಡಿ. 19ನೆಯ ಶತಮಾನದ್ದೆಂದರೆ ಮರಕ್ಕೂ ಸವೆತಕ್ಕೂ ನ್ಯಾಯ.

ಸುಮಾತ್ರಾದ ಹಿಡಿ ಜಾವಾದಿಂದ ಬೆಳಗಾವಿಗೆ ಹೇಗೆ ಬಂದಿತು? ಆ ಮನೆಯ ಹಿರಿಯರು ಮರಾಠಾ ಲಘು ಪದಾತಿ ದಳದ ಸಿಪಾಯಿ. ಆ ದಳದ ಕೇಂದ್ರ ಬೆಳಗಾವಿಯಲ್ಲಿಯೇ ಇದೆ. 1945ರ ಅಕ್ಟೋಬರ್ 25ರಂದು ಬ್ರಿಟಿಷರ ಅಧೀನದ 49ನೆಯ ಭಾರತೀಯ ಬ್ರಿಗೇಡ್ ಜಾವಾದ ಸುರಬಾಯ ಬಂದರಿನಲ್ಲಿ ಇಳಿದಾಗ ಅದರಲ್ಲಿ ಮರಾಠಾ ತುಕಡಿಗಳೂ ಇದ್ದವು. ಜಪಾನೀಯರ ಶರಣಾಗತಿಯನ್ನು ಪಡೆಯುವುದು ಅವರ ಕೆಲಸವೆಂದು ಹೇಳಲಾಗಿತ್ತು. ಆದರೆ ಆಗಸ್ಟ್ 17ರಂದೇ ಇಂಡೋನೇಷ್ಯಾ ತನ್ನ ಸ್ವಾತಂತ್ರ್ಯವನ್ನು ಸಾರಿತ್ತು. ಅಕ್ಟೋಬರ್ 30ರಂದು ಬ್ರಿಗೇಡಿಯರ್ ಮ್ಯಾಲಬಿ ಹತನಾದ. ನವೆಂಬರ್ 10ರಿಂದ ಊರಿನ ಮೇಲೆ ಬಾಂಬು, ತೋಪುಗಳ ದಾಳಿ ನಡೆಯಿತು. ಇಂಡೋನೇಷ್ಯಾದವರು ಆ ದಿನವನ್ನು ವೀರರ ದಿನವೆಂದು ಆಚರಿಸುತ್ತಾರೆ. ತಾನೇ ಪರತಂತ್ರನಾದ ನಮ್ಮ ಸಿಪಾಯಿ ಇನ್ನೊಬ್ಬರ ಸ್ವಾತಂತ್ರ್ಯದ ಮೇಲೆ ಬಂದೂಕು ಎತ್ತಬೇಕಾದ ದಿನಗಳು ಅವು. ದ್ವೀಪದ್ವೀಪಗಳ ಹಡಗುಗಳು ತಂಗುವ ಅಂಥ ಬಂದರಿನಲ್ಲಿ ಸುಮಾತ್ರಾದ ಹಿಡಿಯೊಂದು ಸಿಕ್ಕಿದ್ದು ಆಶ್ಚರ್ಯವಲ್ಲ. ಹೇಗೆ ಸಿಕ್ಕಿತು ಎಂಬುದೇ ಪ್ರಶ್ನೆ.

ಈ ಪ್ರಶ್ನೆ ಹಿಂದೆಂದಿಗಿಂತ ಈಗ ಹೆಚ್ಚು ತೂಕದ್ದು. ಡಚ್ಚರ ವಿರುದ್ಧ 1825ರಿಂದ 1830ರವರೆಗೆ ಹೋರಾಡಿದ ರಾಜಕುಮಾರ ದಿಪೊನೆಗೊರೊನ ಕೆರಿಸ್ 1831ರಲ್ಲಿ ಹಾಲೆಂಡಿನ ಅರಸನಿಗೆ ಕಾಣಿಕೆಯಾಗಿ ಸಂದಿತು. ಅರಸನ ಅಪೂರ್ವ ವಸ್ತುಗಳ ಸಂಗ್ರಹ ಮುಂದೆ ವಿಸರ್ಜನೆಯಾಗಿ ಅದು ಲೈಡನ್ನಿನ ಮ್ಯೂಸಿಯಂ ಸೇರಿದಾಗ ಕಾಗದ ಒಂದು ಕಡೆ, ಕೆರಿಸ್ ಒಂದು ಕಡೆಯಾಯಿತು. ಗುರುತು ತಪ್ಪಿ ಹೋಯಿತು. ದಿಪೊನೆಗೊರೊನ ದಂಡನಾಯಕನ ಸಾಕ್ಷ್ಯಪತ್ರ ಮತ್ತು ಅದರ ಮೇಲೆ ಚಿತ್ರಕಾರ ರಾದೆನ್ ಸಾಲೆಹ್ ಬರೆದ ಟಿಪ್ಪಣಿ, ಇವುಗಳ ನೆರವಿನಿಂದ ಅದನ್ನು ಮರಳಿ ಗುರುತಿಸಿ 2020ರ ಮಾರ್ಚಿನಲ್ಲಿ ಇಂಡೋನೇಷ್ಯಾಕ್ಕೆ ಒಪ್ಪಿಸಿದರು. ಅದೇ ಕೆರಿಸ್ ಹೌದೇ ಎಂದು ಆಮೇಲೆಯೂ ಚರ್ಚೆ ನಡೆಯಿತು. 1908ರಲ್ಲಿ ಬಾಲಿಯ ಕ್ಲುಂಗ್‌ಕುಂಗ್ ಅರಮನೆಯವರು ಡಚ್ಚರ ಗುಂಡಿಗೆ ಎದೆಯೊಡ್ಡಿ ಸಾಮೂಹಿಕವಾಗಿ ಪ್ರಾಣ ಬಿಟ್ಟರು. ಅಲ್ಲಿಂದ ಬಂದಿದ್ದ ಕೆರಿಸ್ ಒಂದು 2023ರಲ್ಲಿ ಲಂಬೊಕ್ ದ್ವೀಪದ ನಿಧಿಯೊಂದಿಗೆ ಹಿಂದಿರುಗಿತು. ಊರು, ಕಾಲ, ಕೈಬದಲಾದ ಬಗೆ, ಇವುಗಳಲ್ಲಿ ಒಂದನ್ನು ತಪ್ಪು ಬರೆದರೂ ಅಂಥ ವಸ್ತು ಮನೆಗೆ ಮರಳುವ ದಾರಿ ಮುಚ್ಚಿಹೋಗುತ್ತದೆ. ನನ್ನ ಚೀಟಿಯಲ್ಲಿ ಮೂರೂ ತಪ್ಪಿದ್ದವು, ಮೂರನೆಯದನ್ನಂತೂ ಕೇಳಿಯೇ ಇರಲಿಲ್ಲ.

ಆ ಮನೆಯ ಸೊಸೆಗೆ ಎಲ್ಲವನ್ನೂ ಹೇಳಿದೆ. ಬೇಸರಪಡುತ್ತಾರೆಂದು ಅಂಜಿದ್ದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಹಂಗಾದ್ರ ಇವಗ ಇಷ್ಟು ದಿವಸ ಜ್ವರದಾಗ ತಣ್ಣೀರು ಸುರುವೀನಿ ಅಂದಂಗಾತು" ಎಂದು ನಕ್ಕರು. ಮಾವನವರು ಎಂದಾದರೂ ಇದನ್ನು ಪೂಜಿಸಿದ್ದರೇ ಎಂದು ಕೇಳಿದೆ. ಇಲ್ಲವಂತೆ. ಸಮವಸ್ತ್ರದ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಸುರಬಾಯದ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕು ತೆರೆದು ಅದನ್ನು ದೇವರ ಕೋಣೆಗೆ ತಂದವರು ಈಕೆಯೇ.

ಗಾಜು ಬಿಚ್ಚಿ ಹಳೆಯ ಚೀಟಿಯನ್ನು ತೆಗೆದು ಹೊಸದು ಬರೆದೆ: "ಕೆರಿಸ್ ಎಂಬ ಕಠಾರಿಯ ಹಿಡಿ. ಮರ. ಜಾವಾ ದೆಮಾಮ್ ರೂಪ. ಸುಮಾತ್ರಾ ಅಥವಾ ಮಲಯ ಕರಾವಳಿ, ಬಹುಶಃ 19ನೆಯ ಶತಮಾನ. ಅಲಗಿನಿಂದ ಬಿಚ್ಚಿದ್ದು. 1945-46ರಲ್ಲಿ ಜಾವಾದ ಸುರಬಾಯದಿಂದ ಬಂದದ್ದು." ಅದರ ಕೆಳಗೆ "ಕೊಟ್ಟವರು" ಎಂದು ಬರೆದು, ಮುಂದೆ ಜಾಗ ಬಿಟ್ಟೆ. ತುಕ್ಕಿನ ಪುಡಿಯನ್ನೂ ನೂಲಿನ ಎಳೆಗಳನ್ನೂ ಒಂದು ಕಾಗದದಲ್ಲಿ ಮಡಿಸಿ ಚೀಟಿಯ ಹಿಂದೆ ಸೇರಿಸಿದ್ದೇನೆ. ಹಿಡಿ ಈಗಲೂ ದೇವರ ಕೋಣೆಯಲ್ಲಿಯೇ ಇದೆ, ಆದರೆ ಅದಕ್ಕೆ ನೀರು ಹಾಕುವುದಿಲ್ಲವಂತೆ.